ಸೂರ್ಯನನ್ನು ದೂರುವ ಮುನ್ನ

ಮಲೆನಾಡಿನಲ್ಲಿ ಮಳೆಗೆ ಹೆಸರು ಬರುವುದು ಸೂರ್ಯನಿಂದ. ರವಿ ರೋಹಿಣಿ ನಕ್ಷತ್ರವನ್ನು ಪ್ರವೇಶಿಸಿದ ಮೇಲೆ ಬೀಳುವುದು ರೋಹಿಣಿ ಮಳೆ. ಅಲ್ಲಿಂದ ಮುಂದೆ ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಹದಿಮೂರು ಹದಿನಾಲ್ಕು ದಿನಗಳಿಗೊಂದರಂತೆ ಲೆಕ್ಕ ಸಾಗುತ್ತದೆ. ಮಳೆಯ ಪಂಚಾಂಗವೇ ಸೂರ್ಯನ ನಡೆಗೆ ಕಟ್ಟಿಕೊಂಡಿರುವಾಗ, ಮಳೆ ತಪ್ಪಿದರೂ ಮಿತಿಮೀರಿದರೂ ಜನರ ಬೆರಳು ಸೂರ್ಯನತ್ತ ತಿರುಗುವುದು ಸಹಜ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಬೆಳೆಗಾರರ ನಡುವೆ ಈಚಿನ ವರ್ಷಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ. ಹೂಮಳೆ ಹೊತ್ತು ತಪ್ಪುತ್ತಿರುವುದಕ್ಕೆ, ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಹರವಿದ ಕಾಫಿ ನೆನೆಯುತ್ತಿರುವುದಕ್ಕೆ, ಆಗಸ್ಟ್ ತಿಂಗಳ ಒಂದೇ ವಾರದಲ್ಲಿ ಗುಡ್ಡ ಕುಸಿಯುವಷ್ಟು ಮಳೆ ಸುರಿಯುವುದಕ್ಕೆ ಸೂರ್ಯನೇ ಕಾರಣ. ಸೌರಕಲೆಗಳ ಹನ್ನೊಂದು ವರ್ಷಗಳ ಚಕ್ರ ಹೀಗೆ ಮಾಡಿಸುತ್ತಿದೆ. ಇದರಲ್ಲಿ ಮನುಷ್ಯ ಮಾಡುವಂಥದ್ದು ಏನೂ ಇಲ್ಲ ಎಂಬುದು ಆ ಮಾತು.

ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ. ಭೂಮಿಯ ಹವಾಮಾನಕ್ಕೆಲ್ಲ ಮೂಲಶಕ್ತಿ ಸೂರ್ಯನದೇ ಆದ್ದರಿಂದ, ಹವಾಮಾನ ಬದಲಾದಾಗ ಮೊದಲು ಸೂರ್ಯನನ್ನು ವಿಚಾರಿಸಬೇಕೆನ್ನುವುದು ತರ್ಕಬದ್ಧವಾದ ನಿಲುವು. ವಿಚಾರಿಸುವುದು ಹೇಗೆ ಎಂಬುದಷ್ಟೇ ಪ್ರಶ್ನೆ. ನಮ್ಮ ಕಣ್ಣಿಗೂ ದೂರದರ್ಶಕಕ್ಕೂ ಕಾಣುವುದು ಸೂರ್ಯನ ಹೊರಮೈ ಮಾತ್ರ. ಒಡಲೊಳಗಿನ ಸ್ಥಿತಿ ಅರವತ್ತು ವರ್ಷಗಳ ಹಿಂದಿನವರೆಗೂ ಗಣಿತ ಮತ್ತು ಊಹೆಗಳ ವಿಷಯವಾಗಿತ್ತು. ಇಂದು ಅದು ಅಳತೆಯ ವಿಷಯವಾಗಿದೆ. ಸೂರ್ಯನ ಮೈಯ ಕಂಪನಗಳನ್ನು ಅಳೆದು ಒಳರಚನೆಯನ್ನು ತಿಳಿಯುವ ಸೌರಕಂಪನ ವಿಜ್ಞಾನ ಎಂಬ ಶಾಖೆ ಇದನ್ನು ಸಾಧಿಸಿದೆ. ಅದು ನೀಡಿದ ಉತ್ತರವಷ್ಟೇ ಅಲ್ಲ, ಆ ಉತ್ತರವನ್ನು ಸಂಪಾದಿಸಿದ ಕ್ರಮವೂ ನಮ್ಮ ಕಾಫಿ ಗುಡ್ಡಗಳ ಜನ ಗಮನಿಸಬೇಕಾದದ್ದು.

ಸೂರ್ಯನ ಮೇಲೆ ಹೊಣೆ ಹೊರಿಸುವ ಪರಿಪಾಟ ಹೊಸದಲ್ಲ. ಅದರ ಆರಂಭದ ಅಧ್ಯಾಯವೊಂದರಲ್ಲಿ ಮೈಸೂರು ಸಂಸ್ಥಾನವೂ ಇದೆ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876-78ರಲ್ಲಿ, ದಕ್ಷಿಣ ಭಾರತವನ್ನು ಮಹಾಕ್ಷಾಮ ಆವರಿಸಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆಗ ಸಂಸ್ಥಾನದ ಆಡಳಿತ ನೇರವಾಗಿ ಬ್ರಿಟಿಷರ ಕೈಯಲ್ಲಿತ್ತು. ಕ್ಷಾಮದ ನಡುವೆಯೇ, 1877ರಲ್ಲಿ, ಖಗೋಳ ವಿಜ್ಞಾನಿ ನಾರ್ಮನ್ ಲಾಕಿಯರ್ ಮತ್ತು ಅಧಿಕಾರಿ ವಿಲಿಯಂ ಹಂಟರ್ ಜೊತೆಗೂಡಿ ಸೌರಕಲೆಗಳಿಗೂ ಭಾರತದ ಕ್ಷಾಮಗಳಿಗೂ ಸಂಬಂಧವಿದೆಯೆಂದು ಬರೆದರು. ಅದೇ ಕಾಲದಲ್ಲಿ, ಸೀಮಾಂತ ತುಷ್ಟಿಗುಣದ ಸಿದ್ಧಾಂತದಿಂದ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಪರಿಚಿತರಾದ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸೌರಕಲೆಗಳ ಏರಿಳಿತದಿಂದ ಭಾರತದ ಬೆಳೆ ಏರಿಳಿಯುತ್ತದೆ. ಬೆಳೆ ಕೆಟ್ಟರೆ ಭಾರತೀಯರು ಇಂಗ್ಲೆಂಡಿನ ಸರಕು ಕೊಳ್ಳಲಾರರು. ಹೀಗಾಗಿ ಲಂಡನ್ನಿನ ವಾಣಿಜ್ಯ ಬಿಕ್ಕಟ್ಟುಗಳೂ ಸೂರ್ಯನ ಲಯದಲ್ಲೇ ಮರುಕಳಿಸುತ್ತವೆ ಎಂದು ವಾದಿಸಿದರು.

ಈ ವಾದದಲ್ಲಿ ಆಳುವವರಿಗೆ ಒಂದು ಅನುಕೂಲವಿತ್ತು. ಜನ ಹಸಿವಿನಿಂದ ಸಾಯುತ್ತಿದ್ದಾಗಲೂ ಹಡಗುಗಳಲ್ಲಿ ಧಾನ್ಯ ರಫ್ತಾಗುತ್ತಿತ್ತು. ಪರಿಹಾರದ ಕೂಲಿಯನ್ನು ಎಷ್ಟು ಕಡಿಮೆ ಮಾಡಬಹುದೆಂಬ ಲೆಕ್ಕಾಚಾರ ನಡೆದಿತ್ತು. ಕ್ಷಾಮಕ್ಕೆ ಸೂರ್ಯ ಕಾರಣವೆಂದರೆ ಇವೆಲ್ಲ ಬದಿಗೆ ಸರಿಯುತ್ತವೆ. 1877ರ ಮುಂಗಾರು ವಿಫಲವಾದದ್ದು ಪೆಸಿಫಿಕ್ ಸಾಗರದ ಪ್ರಬಲ ಎಲ್ ನಿನೊ ಸ್ಥಿತಿಯ ಜೊತೆಗೆ ಎಂದು ಈಗ ನಮಗೆ ಗೊತ್ತು. ಅದು ಗೊತ್ತಾದ ಬಗೆಯೂ ಸ್ವಾರಸ್ಯಕರ. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಿಲ್ಬರ್ಟ್ ವಾಕರ್, ಗಣಿತಜ್ಞರಾಗಿದ್ದರಿಂದ, ಸೌರಕಲೆ ಮತ್ತು ಮಳೆಯ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಪರೀಕ್ಷಿಸಿದರು. ಸಂಬಂಧ ತೀರ ದುರ್ಬಲವಾಗಿತ್ತು. ಆದರೆ ಪ್ರಪಂಚದ ನಾನಾ ಕಡೆಗಳ ವಾಯುಭಾರದ ದಾಖಲೆಗಳನ್ನು ಹೀಗೆಯೇ ಹೋಲಿಸುತ್ತಾ ಹೋದಾಗ, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನಡುವೆ ತಕ್ಕಡಿಯಂತೆ ತೂಗುವ ಒತ್ತಡದ ಏರಿಳಿತವೊಂದು ಅವರಿಗೆ ಕಂಡಿತು. ಅದಕ್ಕೆ ಅವರು ದಕ್ಷಿಣದ ಆಂದೋಲನವೆಂದು ಹೆಸರಿಟ್ಟರು. ಸೂರ್ಯನಲ್ಲಿ ಹುಡುಕುತ್ತಿದ್ದ ಕಾರಣದ ಒಂದು ದೊಡ್ಡ ಭಾಗ ಸಮುದ್ರದಲ್ಲಿತ್ತು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುವ ಗಾದೆ ನಮ್ಮಲ್ಲಿದೆ. ಜೆವನ್ಸ್ ಎಡವಿದ್ದು ಅಲ್ಲಿಯೇ. ಎಡವುವುದು ಎಷ್ಟು ಸುಲಭವೆಂಬುದನ್ನು ಕಾಫಿಯ ಬೆಲೆಯಿಂದಲೇ ತೋರಿಸಬಹುದು. ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಸುಟ್ಟುಹೋದಾಗಲೆಲ್ಲ ನಮ್ಮ ಗುಡ್ಡಗಳಿಗೆ ಒಳ್ಳೆಯ ಬೆಲೆ ಬರುತ್ತದೆ. 1975ರಲ್ಲಿ ಅಂಥ ಹಿಮಪಾತವಾಯಿತು. 1976ರಲ್ಲಿ ಸೌರಕಲೆಗಳು ಕನಿಷ್ಠ ಮಟ್ಟದಲ್ಲಿದ್ದವು. 1994ರಲ್ಲಿ ಮತ್ತೆ ಹಿಮ. 1996ರಲ್ಲಿ ಮತ್ತೆ ಕನಿಷ್ಠ. 2021ರಲ್ಲಿ ಹಿಮ, ಅದಕ್ಕೆ ಮುಂಚೆ 2019ರ ಡಿಸೆಂಬರ್‌ನಲ್ಲಿ ಕನಿಷ್ಠ. ಇಷ್ಟನ್ನೇ ನೋಡಿದವರು ಸೂರ್ಯ ಮಂಕಾದರೆ ಕಾಫಿಗೆ ಬೆಲೆ ಬರುತ್ತದೆಂದು ನಿರ್ಧರಿಸಿ ದಾಸ್ತಾನು ಇಟ್ಟುಕೊಳ್ಳಬಹುದು. ಆದರೆ 1981ರ ಹಿಮ ಬಿದ್ದದ್ದು ಸೂರ್ಯನ ಮೇಲೆ ಕಲೆಗಳು ತುಂಬಿದ್ದ ಕಾಲದಲ್ಲಿ. ಸುಮಾರು ಒಂದು ಶತಮಾನದಲ್ಲೇ ಅತ್ಯಂತ ಆಳವಾದ ಕನಿಷ್ಠ ಸ್ಥಿತಿ 2008ರಲ್ಲಿ ಬಂದಾಗ ಅಂಥ ಹಿಮಪಾತವೇನೂ ಆಗಲಿಲ್ಲ. ಮೂರು ನಿದರ್ಶನಗಳನ್ನು ಆರಿಸಿಕೊಂಡರೆ ಸಿದ್ಧಾಂತ ಸಿಗುತ್ತದೆ. ಇಡೀ ಸಾಲನ್ನು ಇಟ್ಟರೆ ಅದು ಉಳಿಯುವುದಿಲ್ಲ. 1980ರ ದಶಕದಲ್ಲಿ ಅರ್ಥಶಾಸ್ತ್ರಜ್ಞರು, ಮೂಲಭೂತ ಕಾರಣವಿಲ್ಲದಿದ್ದರೂ ಜನರ ನಂಬಿಕೆಯಿಂದಲೇ ಮಾರುಕಟ್ಟೆಯನ್ನು ಅಲುಗಿಸುವ ಸಂಗತಿಗಳಿಗೆ ‘ಸೌರಕಲೆ’ ಎಂದೇ ಹೆಸರಿಟ್ಟರು. ಜೆವನ್ಸ್ ಅವರಿಗೆ ಇತಿಹಾಸ ನೀಡಿದ ಉತ್ತರವೆಂದು ಅದನ್ನು ಭಾವಿಸಬಹುದು.

ಹೊರಗಿನ ಕಲೆಗಳನ್ನು ಎಣಿಸುವುದರಿಂದ ಸೂರ್ಯನ ಒಳಗು ತಿಳಿಯುವುದಿಲ್ಲ. ಹಾಗಾದರೆ ತಿಳಿಯುವ ಬಗೆ ಯಾವುದು? ಮಲೆನಾಡಿನವರು ಹಲಸಿನ ಕಾಯಿ ಬಲಿತಿದೆಯೆ ಎಂದು ತಿಳಿಯಲು ಅದನ್ನು ಕೊಯ್ಯುವುದಿಲ್ಲ, ತಟ್ಟಿ ನೋಡುತ್ತಾರೆ. ಸಂತೆಯಲ್ಲಿ ಮಡಕೆ ಕೊಳ್ಳುವವರೂ ಬೆರಳಿನಿಂದ ತಟ್ಟಿ, ನಾದದಿಂದಲೇ ಬಿರುಕು ಇದೆಯೋ ಇಲ್ಲವೋ ಎಂದು ಗುರುತಿಸುತ್ತಾರೆ. ಭೂಮಿಗೆ ತಿರುಳೊಂದಿದೆ ಎಂಬುದು ಗೊತ್ತಾದದ್ದೂ ಹೀಗೆಯೇ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ 1897ರ ಅಸ್ಸಾಂ ಭೂಕಂಪವನ್ನು ಅಧ್ಯಯನ ಮಾಡಿದ್ದ ಆರ್.ಡಿ. ಓಲ್ಡ್‌ಹ್ಯಾಂ, ಭೂಕಂಪದ ಅಲೆಗಳು ಭೂಮಿಯನ್ನು ಹಾಯ್ದು ಬರುವ ಸಮಯವನ್ನು ಹೋಲಿಸಿ 1906ರಲ್ಲಿ ಅದನ್ನು ಸ್ಥಾಪಿಸಿದರು. ಸೂರ್ಯನನ್ನು ತಟ್ಟುವವರು ಯಾರೂ ಬೇಕಿಲ್ಲ. ಅವನ ಹೊರಪದರಗಳಲ್ಲಿ ಬಿಸಿ ಅನಿಲ ಕೊತಕೊತನೆ ಕುದಿಯುತ್ತಾ ಮೇಲೇರಿ ಕೆಳಗಿಳಿಯುತ್ತದೆ. ಆ ಕುದಿತದ ಸದ್ದೇ ಅವನ ಇಡೀ ಒಡಲನ್ನು ನಿರಂತರವಾಗಿ ಮೊಳಗಿಸುತ್ತಿರುತ್ತದೆ.

1960ರಲ್ಲಿ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ರಾಬರ್ಟ್ ಲೇಟನ್ ಮತ್ತು ಸಂಗಡಿಗರು ಸೂರ್ಯನ ಹೊರಮೈ ಸುಮಾರು ಐದು ನಿಮಿಷಗಳಿಗೊಮ್ಮೆ ಏರಿ ಇಳಿಯುತ್ತಿರುವುದನ್ನು ಕಂಡರು. ಕಂಡದ್ದು ಬೆಳಕಿನ ಬಣ್ಣದ ಸೂಕ್ಷ್ಮ ವ್ಯತ್ಯಾಸದಿಂದ. ಘಾಟಿ ರಸ್ತೆಯಲ್ಲಿ ಎದುರು ಬರುವ ಬಸ್ಸಿನ ಹಾರ್ನ್ ತೀಕ್ಷ್ಣವಾಗಿಯೂ, ದಾಟಿಹೋದ ಮೇಲೆ ಮಂದವಾಗಿಯೂ ಕೇಳುವಂತೆ, ನಮ್ಮತ್ತ ಉಬ್ಬುವ ಭಾಗದ ಬೆಳಕು ನೀಲಿಯ ಕಡೆಗೂ ಹಿಂದೆ ಸರಿಯುವ ಭಾಗದ ಬೆಳಕು ಕೆಂಪಿನ ಕಡೆಗೂ ತುಸುವೇ ಜರುಗುತ್ತದೆ. ಮೊದಲಿಗೆ ಇದನ್ನು ಮೇಲ್ಮೈಯ ಸ್ಥಳೀಯ ತಳಮಳವೆಂದು ಭಾವಿಸಲಾಗಿತ್ತು. 1970ರಲ್ಲಿ ರೋಜರ್ ಉಲ್ರಿಚ್, ಮರುವರ್ಷ ಜಾನ್ ಲೀಬಾಕರ್ ಮತ್ತು ರಾಬರ್ಟ್ ಸ್ಟೈನ್, ಇವು ಸೂರ್ಯನ ಒಳಗೆ ಸೆರೆಯಾದ ಶಬ್ದದ ಅಲೆಗಳೆಂದು ವಿವರಿಸಿದರು. 1975ರಲ್ಲಿ ಫ್ರಾಂಜ್ ಡಾಯ್ಬ್ನರ್ ಅವರ ವೀಕ್ಷಣೆ ಆ ವಿವರಣೆಯನ್ನು ದೃಢಪಡಿಸಿತು.

ಒಳಮುಖವಾಗಿ ಹೊರಟ ಅಲೆ ಆಳಕ್ಕೆ ಇಳಿದಂತೆಲ್ಲ ಹೆಚ್ಚು ಬಿಸಿಯಾದ ಅನಿಲವನ್ನು ಹಾಯುತ್ತದೆ. ಬಿಸಿ ಹೆಚ್ಚಾದಂತೆ ಶಬ್ದದ ವೇಗವೂ ಹೆಚ್ಚುವುದರಿಂದ ಅಲೆ ಕ್ರಮೇಣ ಬಾಗಿ ಮತ್ತೆ ಹೊರಗೆ ಬರುತ್ತದೆ. ಮೇಲ್ಮೈಗೆ ತಾಗಿ ಪುನಃ ಒಳಕ್ಕೆ ಮರಳುತ್ತದೆ. ಕೆಲವು ಅಲೆಗಳು ಮೇಲ್ಪದರದಲ್ಲೇ ಸುಳಿದರೆ ಕೆಲವು ತಿರುಳಿನವರೆಗೆ ಹೋಗಿಬರುತ್ತವೆ. ಇಂಥ ಲಕ್ಷಾಂತರ ಕಂಪನಗಳು ಏಕಕಾಲದಲ್ಲಿ ನಡೆದಿರುತ್ತವೆ. ಒಂದೊಂದು ಕಂಪನದಿಂದ ಮೇಲ್ಮೈ ಚಲಿಸುವ ವೇಗ ಸೆಕೆಂಡಿಗೆ 20 ಸೆಂಟಿಮೀಟರ್‌ಗೂ ಕಡಿಮೆ. ಅದು ಮನುಷ್ಯನ ನಿಧಾನ ನಡಿಗೆಗಿಂತಲೂ ಕಡಿಮೆ. ಹದಿನೈದು ಕೋಟಿ ಕಿಲೋಮೀಟರ್ ದೂರದಿಂದ ಇದನ್ನು ಅಳೆಯಬೇಕು. ಅಳೆದ ಮೇಲೆ, ಯಾವ ಆಳದವರೆಗೆ ಹೋದ ಅಲೆ ಎಷ್ಟು ವೇಗದಲ್ಲಿ ಮರಳಿತು ಎಂಬುದರಿಂದ ಆಯಾ ಪದರದ ತಾಪ, ಸಾಂದ್ರತೆ ಮತ್ತು ಚಲನೆಯನ್ನು ಲೆಕ್ಕಹಾಕಬಹುದು. ಸೂರ್ಯನ ತಿರುಳಿನಲ್ಲಿ ಹುಟ್ಟಿದ ಬೆಳಕು ಕಣದಿಂದ ಕಣಕ್ಕೆ ಬಡಿಯುತ್ತಾ ಹೊರಗೆ ಬರಲು ಹತ್ತಾರು ಸಾವಿರ ವರ್ಷಗಳಿಗೂ ಮಿಕ್ಕ ಕಾಲ ಬೇಕು. ಶಬ್ದ ಅದೇ ದಾರಿಯನ್ನು ಸುಮಾರು ಒಂದು ಗಂಟೆಯಲ್ಲಿ ಕ್ರಮಿಸುತ್ತದೆ. ಸೂರ್ಯನ ಇಂದಿನ ಒಡಲಿನ ಸ್ಥಿತಿಯನ್ನು ಹೇಳಬಲ್ಲದ್ದು ಬೆಳಕಿಗಿಂತ ಹೆಚ್ಚಾಗಿ ಶಬ್ದ.

ಹೀಗೆ ತಿಳಿದುಬಂದ ಸಂಗತಿಗಳು ಗಮನಾರ್ಹ. ಸೂರ್ಯನ ತ್ರಿಜ್ಯ ಸುಮಾರು 6.96 ಲಕ್ಷ ಕಿಲೋಮೀಟರ್. ಅದರ ಹೊರಗಿನ ಶೇಕಡ 29ರಷ್ಟು ಭಾಗದಲ್ಲಿ, ಅಂದರೆ ಮೇಲಿನ ಎರಡು ಲಕ್ಷ ಕಿಲೋಮೀಟರ್‌ಗಳಲ್ಲಿ, ಅನಿಲ ಕುದಿಯುತ್ತದೆ. ಅದರ ಕೆಳಗೆ ಶಾಖ ವಿಕಿರಣದ ಮೂಲಕವೇ ಸಾಗುತ್ತದೆ. ಈ ಗಡಿಯನ್ನು ನಿಖರವಾಗಿ ಗುರುತಿಸಿದವರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಚ್.ಎಂ. ಆಂಟಿಯಾ ಮತ್ತು ಯೇಲ್ ವಿಶ್ವವಿದ್ಯಾಲಯದ ಸರ್ಬಾನಿ ಬಸು ಪ್ರಮುಖರು. ಹೊರಮೈಯಲ್ಲಿ ಸೂರ್ಯನ ಸಮಭಾಜಕ ಪ್ರದೇಶ ಸುಮಾರು 25 ದಿನಗಳಿಗೊಮ್ಮೆ ಸುತ್ತಿದರೆ ಧ್ರುವಗಳ ಬಳಿ ಒಂದು ಸುತ್ತಿಗೆ 35 ದಿನಗಳಷ್ಟು ಹಿಡಿಯುತ್ತದೆ. ಈ ವ್ಯತ್ಯಾಸ ಕುದಿಯುವ ಪದರದುದ್ದಕ್ಕೂ ಮುಂದುವರಿದು, ಅದರ ತಳದಲ್ಲಿ ಥಟ್ಟನೆ ನಿಲ್ಲುತ್ತದೆ. ಅಲ್ಲಿಂದ ಒಳಗೆ ಸೂರ್ಯ ಹೆಚ್ಚುಕಡಿಮೆ ಒಂದೇ ಗಟ್ಟಿ ಚೆಂಡಿನಂತೆ ತಿರುಗುತ್ತಾನೆ. ವೇಗ ಬದಲಾಗುವ ಆ ತೆಳುವಾದ ಸಂಧಿಪದರದ ಎಳೆದಾಟಕ್ಕೂ ಸೌರಕಲೆಗಳನ್ನು ಹುಟ್ಟಿಸುವ ಕಾಂತಕ್ಷೇತ್ರಕ್ಕೂ ನಂಟಿದೆಯೆಂಬುದು ಅನೇಕ ವಿಜ್ಞಾನಿಗಳ ಅಭಿಪ್ರಾಯ.

ಈ ವಿಜ್ಞಾನ ತೀರ್ಪು ಹೇಳಿದ ದೊಡ್ಡ ವ್ಯಾಜ್ಯವೊಂದಿದೆ. ಸೂರ್ಯನ ತಿರುಳಿನಿಂದ ಹೊರಡುವ ನ್ಯೂಟ್ರಿನೊ ಎಂಬ ಕಣಗಳನ್ನು 1960ರ ದಶಕದ ಕೊನೆಯಿಂದ ಅಮೆರಿಕದ ಗಣಿಯೊಂದರ ಆಳದಲ್ಲಿ ರೇ ಡೇವಿಸ್ ಎಣಿಸತೊಡಗಿದರು. ಸಿದ್ಧಾಂತ ಹೇಳಿದ್ದರ ಮೂರನೆಯ ಒಂದು ಭಾಗದಷ್ಟೇ ಸಿಕ್ಕವು. ಒಂದೋ ಸೂರ್ಯನ ತಿರುಳು ನಾವು ಎಣಿಸಿದ್ದಕ್ಕಿಂತ ತಂಪಾಗಿರಬೇಕು, ಇಲ್ಲವೇ ನ್ಯೂಟ್ರಿನೊಗಳ ಬಗ್ಗೆ ನಮಗೆ ತಿಳಿಯದ್ದು ಏನೋ ಇರಬೇಕು. 1990ರ ದಶಕದ ಕಂಪನ ದಾಖಲೆಗಳು ಸೂರ್ಯನೊಳಗಿನ ಶಬ್ದದ ವೇಗವು ಸಿದ್ಧಾಂತದ ಲೆಕ್ಕಕ್ಕೆ ಶೇಕಡ ಒಂದಕ್ಕಿಂತಲೂ ಕಡಿಮೆ ವ್ಯತ್ಯಾಸದಲ್ಲಿ ಹೊಂದುತ್ತದೆಂದು ತೋರಿಸಿದವು. ಸೂರ್ಯ ನಿರ್ದೋಷಿ ಎಂದಾಯಿತು. ನ್ಯೂಟ್ರಿನೊಗಳೇ ದಾರಿಯಲ್ಲಿ ರೂಪ ಬದಲಿಸುತ್ತವೆಂಬುದನ್ನು 2001-02ರಲ್ಲಿ ಕೆನಡಾದ ಸಡ್ಬರಿ ವೀಕ್ಷಣಾಲಯ ಸಾಬೀತುಪಡಿಸಿತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು 1965ರಲ್ಲಿ ಜಗತ್ತಿನಲ್ಲೇ ಮೊದಲು ಪತ್ತೆಮಾಡಿದ ತಾಣಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದೆಂಬುದನ್ನು ಕನ್ನಡಿಗರು ನೆನೆಯಬೇಕು. ಆ ಆಳದ ಪ್ರಯೋಗಾಲಯ 1990ರ ದಶಕದ ಆರಂಭದಲ್ಲೇ ನಿಂತಿತು; ಗಣಿಯೂ 2001ರಲ್ಲಿ ಮುಚ್ಚಿತು. ಎಳೆ ಅಲ್ಲಿಗೆ ಕಡಿಯಿತು.

ಎಳೆ ಕಡಿಯದಂತೆ ನೋಡಿಕೊಳ್ಳುವುದೇ ಈ ವಿಜ್ಞಾನದ ಜೀವಾಳ. ಒಂದೇ ಊರಿನಿಂದ ನೋಡಿದರೆ ಸೂರ್ಯ ದಿನದ ಅರ್ಧ ಭಾಗ ಮಾತ್ರ ಕಾಣುತ್ತಾನೆ. ಸಂಗೀತ ಕಛೇರಿಯನ್ನು ಸರದಿಯಂತೆ ಒಂದಿಷ್ಟು ಹೊತ್ತು ಕೇಳಿಸಿ ಒಂದಿಷ್ಟು ಹೊತ್ತು ನಿಲ್ಲಿಸಿದರೆ, ಆ ನಿಲುಗಡೆಯೇ ಒಂದು ಸುಳ್ಳು ತಾಳವಾಗಿ ಕಿವಿಯಲ್ಲಿ ಕೂರುತ್ತದೆ. ಅಂಕಿಅಂಶಗಳಲ್ಲಿಯೂ ಹಾಗೆಯೇ, ರಾತ್ರಿಯ ಬಿಡುವು ಇಲ್ಲದ ಕಂಪನಗಳನ್ನು ಇರುವಂತೆ ತೋರಿಸುತ್ತದೆ. ಇದನ್ನು ತಪ್ಪಿಸಲು 1979-80ರ ಹೊಸ ವರ್ಷದ ಹೊತ್ತಿಗೆ ಮೂವರು ವಿಜ್ಞಾನಿಗಳು ಸೂರ್ಯ ಮುಳುಗದ ದಕ್ಷಿಣ ಧ್ರುವಕ್ಕೆ ಹೋಗಿ ಸುಮಾರು ಐದು ದಿನ ಎಡೆಬಿಡದೆ ವೀಕ್ಷಿಸಿದರು. ಬಳಿಕ 1995ರಲ್ಲಿ ಭೂಮಿಯ ಸುತ್ತ ಆರು ಕಡೆ ಒಂದೇ ಬಗೆಯ ಉಪಕರಣಗಳನ್ನು ಸ್ಥಾಪಿಸಲಾಯಿತು: ಕ್ಯಾಲಿಫೋರ್ನಿಯಾದ ಬಿಗ್ ಬೇರ್, ಹವಾಯಿಯ ಮೌನಾ ಲೋವಾ, ಆಸ್ಟ್ರೇಲಿಯಾದ ಲಿಯರ್ಮಂತ್, ಸ್ಪೇನಿನ ಟೈಡೆ, ಚಿಲಿಯ ಸೆರ್ರೊ ಟೊಲೋಲೊ ಮತ್ತು ನಮ್ಮ ಉದಯಪುರ. ಒಂದೆಡೆ ಸಂಜೆಯಾಗುವಷ್ಟರಲ್ಲಿ ಇನ್ನೊಂದೆಡೆ ಬೆಳಗಾಗಿರುತ್ತದೆ. ಗಾಂಗ್ ಎಂದು ಕರೆಯುವ ಈ ಜಾಲ ಸುಮಾರು ಶೇಕಡ 90ರಷ್ಟು ಕಾಲ ಸೂರ್ಯನನ್ನು ಕಣ್ಣಿಗೆ ಬಿಡುವಿಲ್ಲದೆ ನೋಡಿದೆ. 1975ರಲ್ಲಿ ಅರವಿಂದ ಭಟ್ನಾಗರ್ ಸ್ಥಾಪಿಸಿದ ಉದಯಪುರದ ಸೌರ ವೀಕ್ಷಣಾಲಯ ಈ ಸರಪಳಿಯ ಏಷ್ಯಾದ ಕೊಂಡಿ. ಕಳಸ, ಕೊಟ್ಟಿಗೆಹಾರಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖ ಕಾಣುವುದೇ ಅಪರೂಪ. ಆದರೂ ಉದಯಪುರದಲ್ಲಿ ಅಲ್ಲದಿದ್ದರೆ ಚಿಲಿಯಲ್ಲಿ, ಅಲ್ಲಿಯೂ ಅಲ್ಲದಿದ್ದರೆ ಕ್ಯಾಲಿಫೋರ್ನಿಯಾದಲ್ಲಿ ಅದೇ ಸೂರ್ಯನ ನಾಡಿ ದಾಖಲಾಗುತ್ತಲೇ ಇರುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಸೂರ್ಯ ಬದಲಾಗಿದ್ದಾನೆಯೆ? ಹನ್ನೊಂದು ವರ್ಷಗಳ ಚಕ್ರದಲ್ಲಿ ಕಂಪನಗಳ ಆವರ್ತನ ಅತ್ಯಲ್ಪವಾಗಿ ಏರಿಳಿಯುತ್ತದೆ. ಆ ಬದಲಾವಣೆ ಮುಖ್ಯವಾಗಿ ಮೇಲ್ಪದರಗಳಿಗೆ ಸೀಮಿತವಾದದ್ದು. ಶಕ್ತಿ ಹುಟ್ಟುವ ತಿರುಳಿನಲ್ಲಿ ನಮ್ಮ ಕಾಲಮಾನದಲ್ಲಿ ಗಣನೀಯವಾದದ್ದೇನೂ ಆಗಿಲ್ಲ. ಸೂರ್ಯನಿಂದ ಭೂಮಿಗೆ ಬರುವ ಒಟ್ಟು ಶಕ್ತಿಯನ್ನು 1978ರಿಂದ ಉಪಗ್ರಹಗಳು ಅಳೆಯುತ್ತಿವೆ. ಚಕ್ರದ ಏರಿಗೂ ಇಳಿತಕ್ಕೂ ನಡುವಿನ ಅಂತರ ಸುಮಾರು ಶೇಕಡ 0.1 ಮಾತ್ರ, ಈ ನಾಲ್ಕೂವರೆ ದಶಕಗಳಲ್ಲಿ ಅದು ಏರುಮುಖವಾಗಿ ಸಾಗಿಲ್ಲ. ಅದೇ ಅವಧಿಯಲ್ಲಿ ಭೂಮಿಯ ತಾಪ ಮಾತ್ರ ಏರುತ್ತಲೇ ಬಂದಿದೆ. ಇನ್ನೂ ಒಂದು ಸಾಕ್ಷ್ಯವಿದೆ. ಸೂರ್ಯನ ಬಿಸಿಯೇ ಹೆಚ್ಚಿದ್ದರೆ ವಾತಾವರಣದ ಮೇಲ್ಪದರವೂ ಕೆಳಪದರವೂ ಒಟ್ಟಿಗೆ ಬಿಸಿಯಾಗಬೇಕಿತ್ತು. ಆದರೆ ಕೆಳಗೆ ಬಿಸಿಯೇರುತ್ತಿರುವಾಗ ಮೇಲಿನ ಸ್ತರಗೋಳ ತಂಪಾಗುತ್ತಿದೆ. ಕೆಳಗೆ ಕಂಬಳಿ ದಪ್ಪವಾದಾಗ ಆಗುವ ಪರಿಣಾಮ ಇದು. ಆ ಕಂಬಳಿ ಮನುಷ್ಯ ಸುಟ್ಟ ಕಲ್ಲಿದ್ದಲು ಮತ್ತು ತೈಲಗಳ ಅನಿಲ.

ಗಾಳಿಯ ತಾಪ ಒಂದು ಡಿಗ್ರಿ ಏರಿದರೆ ಅದು ಹೊರಬಲ್ಲ ನೀರಾವಿ ಸುಮಾರು ಶೇಕಡ 7ರಷ್ಟು ಹೆಚ್ಚುತ್ತದೆ. ಅರಬ್ಬೀ ಸಮುದ್ರ ಬಿಸಿಯಾಗುತ್ತಿರುವಾಗ ಪಶ್ಚಿಮ ಘಟ್ಟದ ನೆತ್ತಿಯ ಮೇಲೆ ಕಡಿಮೆ ಅವಧಿಯಲ್ಲಿ ಹೆಚ್ಚು ನೀರು ಸುರಿಯುವ ಸಂಭವ ಬೆಳೆಯುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಸೀಮೆಯ ಮಲೆಮನೆ, ಆಲೇಖಾನ್ ಹೊರಟ್ಟಿಗಳಲ್ಲಿ ಗುಡ್ಡ ಜರಿದು ಮನೆ ತೋಟಗಳು ಕೊಚ್ಚಿಹೋದವು; ಚಾರ್ಮಾಡಿ ಘಾಟಿಯ ಸಂಚಾರ ನಿಂತಿತು. ಅದೇ 2019ರಲ್ಲಿ ಸೂರ್ಯ ಕಲೆಗಳೇ ಇಲ್ಲದಂತೆ ಶಾಂತನಾಗಿದ್ದ. ಎಲ್ಲಿ ಎಷ್ಟು ಇಳಿಜಾರನ್ನು ಕಡಿದು ರಸ್ತೆ ಮಾಡಿದೆವು, ಎಲ್ಲಿ ಹಳ್ಳದ ದಾರಿಗೆ ಅಡ್ಡವಾಗಿ ಕಟ್ಟಡ ಎಬ್ಬಿಸಿದೆವು, ಎಲ್ಲಿ ನೆರಳಿನ ಮರಗಳನ್ನು ತೆಗೆದೆವು ಎಂಬ ಪ್ರಶ್ನೆಗಳಿಗೆ ನಾವೇ ಉತ್ತರಿಸಬೇಕು. 1877ರಲ್ಲಿ ಸೂರ್ಯನನ್ನು ಮುಂದೆ ಮಾಡಿದ್ದು ಆಳುವವರಿಗೆ ಅನುಕೂಲವಾಗಿತ್ತು. ಇಂದು ಅದೇ ವಾದ ನಮಗೂ ನಮ್ಮ ಪ್ರತಿನಿಧಿಗಳಿಗೂ ಅನುಕೂಲವಾಗುತ್ತಿದೆಯೆ ಎಂದು ಕೇಳಿಕೊಳ್ಳುವುದು ಒಳಿತು.

ಆದರೆ ಕಾಫಿ ಗುಡ್ಡಗಳ ಮಳೆಯಲ್ಲಿ ನಿಜವಾಗಿ ಬದಲಾಗಿರುವುದು ಏನು, ಎಷ್ಟು, ಯಾವ ಹೋಬಳಿಯಲ್ಲಿ ಎಂಬುದು ಜಾಗತಿಕ ಲೆಕ್ಕಗಳಿಂದ ತಿಳಿಯುವಂಥದ್ದಲ್ಲ. ಒಂದು ಗುಡ್ಡದ ಈಚೆ ಬಿದ್ದ ಮಳೆ ಆಚೆ ಬೀಳದ ಸೀಮೆ ಅದು. ಕಂದಾಯ ಆಡಳಿತದಲ್ಲಿದ್ದ ವರ್ಷಗಳಲ್ಲಿ ಬರ ಮತ್ತು ನೆರೆ ಪರಿಹಾರದ ಕಡತಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಅವುಗಳಲ್ಲಿ ಮೊದಲು ಬರುವ ಪದ ‘ವಾಡಿಕೆ ಮಳೆ’. ವಾಡಿಕೆ ಎಂದರೆ ದಶಕಗಳ ಸರಾಸರಿ. ಆ ದಶಕಗಳ ದಾಖಲೆಯಲ್ಲಿ ತೂತುಗಳಿದ್ದರೆ ವಾಡಿಕೆಯೂ ಸುಳ್ಳಾಗುತ್ತದೆ. ವಾಡಿಕೆಗೆ ಹೋಲಿಸಿ ಕೊಡುವ ಪರಿಹಾರವೂ ತಪ್ಪುತ್ತದೆ. ಅಡಿಕೆ, ಕಾಳುಮೆಣಸಿಗೆ ಇರುವ ಹವಾಮಾನ ಆಧಾರಿತ ವಿಮೆಯ ಲೆಕ್ಕವೂ ಮಳೆಮಾಪಕವನ್ನೇ ನಂಬಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೆ ದೂರಮಾಪಕ ಮಳೆಮಾಪಕಗಳನ್ನು ಹರಡಿರುವುದು ಶ್ಲಾಘನೀಯ ಕೆಲಸ. ಆದರೆ ಅವುಗಳ ವಯಸ್ಸು ಕಡಿಮೆ. ಮೂವತ್ತು ಐವತ್ತು ವರ್ಷಗಳ ಹಿಂದಿನ ಸಂಗತಿಯನ್ನು ಅವು ಹೇಳಲಾರವು.

ಹೇಳಬಲ್ಲ ದಾಖಲೆಗಳು ಕಾಫಿ ತೋಟಗಳಲ್ಲಿವೆ. ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು, ಇಂಚು ಮತ್ತು ಸೆಂಟ್‌ಗಳಲ್ಲಿ ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆದಿಡುವ ಶಿಸ್ತು ಈ ಸೀಮೆಯ ತೋಟಗಳಲ್ಲಿ ಬಹುಕಾಲದಿಂದ ಇದೆ. ಹಲವು ಮನೆಗಳಲ್ಲಿ ಎರಡು ಮೂರು ತಲೆಮಾರುಗಳ ಪುಸ್ತಕಗಳಿವೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಹೂಮಳೆ ಯಾವ ದಿನ ಬಿತ್ತು, ಒಂದು ಇಂಚು ದಾಟಿತೋ ಇಲ್ಲವೋ, ಅದನ್ನು ಹಿಡಿದು ನಿಲ್ಲಿಸುವ ಎರಡನೆಯ ಮಳೆ ಎಷ್ಟು ದಿನಕ್ಕೆ ಬಂತು ಎಂಬ ವಿವರಗಳನ್ನು ಯಾವ ಸರ್ಕಾರಿ ಕಡತವೂ ಇಷ್ಟು ಸೂಕ್ಷ್ಮವಾಗಿ ಹಿಡಿದಿಟ್ಟಿರಲಾರದು. ಬೆಳೆಗಾರನ ವರ್ಷದ ಆದಾಯವೇ ಆ ಒಂದು ಇಂಚಿನ ಮೇಲೆ ನಿಂತಿರುವುದರಿಂದ ಅಲ್ಲಿ ಉದಾಸೀನಕ್ಕೆ ಎಡೆಯಿರಲಿಲ್ಲ. ಈಗ ತೋಟಗಳು ಪಾಲಾಗುತ್ತಿವೆ, ಮಾರಾಟವಾಗುತ್ತಿವೆ, ಪ್ರವಾಸಿಗರ ತಂಗುದಾಣಗಳಾಗುತ್ತಿವೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಹಳೆಯ ಪುಸ್ತಕಗಳು ಗೆದ್ದಲು ಹಿಡಿದು ರದ್ದಿಗೆ ಹೋಗುತ್ತಿವೆ. ಕಳೆದುಹೋದ ಒಂದು ವರ್ಷದ ಮಳೆಯನ್ನು ಮತ್ತೆ ಅಳೆಯಲು ಯಾವ ಉಪಕರಣದಿಂದಲೂ ಸಾಧ್ಯವಿಲ್ಲ.

ಹಳೆಯ ದಾಖಲೆಯ ಬೆಲೆ ಏನೆಂಬುದಕ್ಕೆ ಕೊಡೈಕೆನಾಲ್ ಸಾಕ್ಷಿ. ಮದರಾಸು ಪ್ರಾಂತ್ಯದ ಕ್ಷಾಮಗಳ ಹಿನ್ನೆಲೆಯಲ್ಲಿ, ಸೂರ್ಯನಿಗೂ ಮುಂಗಾರಿಗೂ ಇರುವ ಸಂಬಂಧವನ್ನು ಅರಿಯುವ ಆಶಯದಿಂದ, 1893ರಲ್ಲಿ ಲಾರ್ಡ್ ಕೆಲ್ವಿನ್ ನೇತೃತ್ವದ ಸಮಿತಿ ಸೌರ ವೀಕ್ಷಣಾಲಯ ಬೇಕೆಂದು ತೀರ್ಮಾನಿಸಿತು. 1899ರಲ್ಲಿ ಅದು ಕೊಡೈಕೆನಾಲ್‌ನಲ್ಲಿ ಆರಂಭವಾಯಿತು. ಹುಡುಕಿದ ಸಂಬಂಧ ಸಿಗಲಿಲ್ಲ. ಆದರೆ 1909ರಲ್ಲಿ ಜಾನ್ ಎವರ್‌ಶೆಡ್ ಸೌರಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಅಲ್ಲಿಯೇ ಕಂಡುಹಿಡಿದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದ ಆಕಾಶ ತಿಳಿಯಾಗಿದ್ದ ದಿನಗಳಲ್ಲೆಲ್ಲ ಸೂರ್ಯನ ಚಿತ್ರ ತೆಗೆಯುವ ಕೆಲಸ ಸಾಗಿಬಂದಿತು. ಸರ್ಕಾರಗಳು ಬದಲಾದವು, ಎರಡು ಮಹಾಯುದ್ಧಗಳು ಕಳೆದವು, ದೇಶ ಸ್ವತಂತ್ರವಾಯಿತು; ಚಿತ್ರ ತೆಗೆಯುವುದು ನಿಲ್ಲಲಿಲ್ಲ. ವೈನು ಬಾಪು ಅವರ ನಾಯಕತ್ವದಲ್ಲಿ 1971ರಲ್ಲಿ ಸ್ವಾಯತ್ತ ಸಂಸ್ಥೆಯಾಗಿ ರೂಪುಗೊಂಡು ಬೆಂಗಳೂರಿನಲ್ಲಿ ನೆಲೆಸಿದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಆ ಗಾಜಿನ ಫಲಕಗಳನ್ನು ಈಚೆಗೆ ಗಣಕೀಕರಿಸಿತು. ಶತಮಾನದ ಆ ಚಿತ್ರಸರಣಿ ಇಂದು ಜಗತ್ತಿನ ಸೌರವಿಜ್ಞಾನಿಗಳ ಆಸ್ತಿ. ಯಾವ ಪ್ರಶ್ನೆಗಾಗಿ ದಾಖಲೆ ಆರಂಭವಾಯಿತೋ ಅದಕ್ಕಿಂತ ದೊಡ್ಡ ಪ್ರಶ್ನೆಗಳಿಗೆ ಅದು ಒದಗಿತು.

ಇದೇ ಸಂಸ್ಥೆ ಹೊಸಕೋಟೆಯ ತನ್ನ ಆವರಣದಲ್ಲಿ ಸಿದ್ಧಪಡಿಸಿದ ಉಪಕರಣವನ್ನು ಹೊತ್ತು ಆದಿತ್ಯ-ಎಲ್1 ನೌಕೆ 2023ರ ಸೆಪ್ಟೆಂಬರ್ 2ರಂದು ಹೊರಟು, 2024ರ ಜನವರಿ 6ರಂದು ಹದಿನೈದು ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆ ಸೇರಿತು. ಅದರ ಪ್ರಧಾನ ಉಪಕರಣಗಳು ನೋಡುವುದು ಸೂರ್ಯನ ಹೊರವಾತಾವರಣವನ್ನು. ಒಳಗನ್ನು ಕೇಳುವ ಕೆಲಸಕ್ಕೆ ಗಾಂಗ್‌ನಂಥ ಜಾಲಗಳೇ ಆಧಾರ. ಸೂರ್ಯನ ಕಾಣದ ಹಿಂಬದಿಯಲ್ಲಿ ದೊಡ್ಡ ಕಲೆ ಮೂಡಿದರೂ ಕಂಪನಗಳಿಂದ ಮುಂಚಿತವಾಗಿ ತಿಳಿಯಬಹುದೆಂದು 2000ದಿಂದೀಚೆಗೆ ಸಾಧಿಸಲಾಗಿದೆ. ಇದರ ಉಪಯೋಗ ನೇರವಾದದ್ದು. 2024ರ ಮೇ ತಿಂಗಳ ಸೌರಚಂಡಮಾರುತದಲ್ಲಿ ಲಡಾಖಿನ ಹಾನ್ಲೆಯ ಆಕಾಶ ಕೆಂಪಾದರೆ, ಅಮೆರಿಕದಲ್ಲಿ ಬಿತ್ತನೆಯ ಟ್ರ್ಯಾಕ್ಟರುಗಳ ಉಪಗ್ರಹ ಮಾರ್ಗದರ್ಶನ ಕೈಕೊಟ್ಟಿತು. ನಮ್ಮ ಭೂಮಾಪನ ಇಲಾಖೆಯ ಹೊಸ ಉಪಕರಣಗಳೂ ಅಂಥ ಸಂಕೇತಗಳನ್ನೇ ನಂಬಿವೆ.

ಆದರೂ ಉಡಾವಣೆಯ ದಿನ ಸಿಗುವ ಚಪ್ಪಾಳೆ, ಮೂವತ್ತು ವರ್ಷ ದಿನವೂ ಅದೇ ಅಳತೆಯನ್ನು ತೆಗೆಯುವವರಿಗೆ ಸಿಗುವುದಿಲ್ಲ. ಆಯವ್ಯಯದ ಭಾಷೆಯಲ್ಲಿ ಅದು ನಿರ್ವಹಣಾ ವೆಚ್ಚ. ಕಡಿತದ ಕತ್ತರಿ ಮೊದಲು ಬೀಳುವುದು ಅದರ ಮೇಲೆಯೇ. ಸಂಶೋಧನೆ ಮತ್ತು ಅಭಿವೃದ್ಧಿಗೆ ದೇಶ ತನ್ನ ಒಟ್ಟು ಆಂತರಿಕ ಉತ್ಪನ್ನದಲ್ಲಿ ವ್ಯಯಿಸಿದ್ದು 2020-21ರ ಲೆಕ್ಕದಂತೆ ಶೇಕಡ 0.64 ಮಾತ್ರ. ದೀರ್ಘಕಾಲದ ದಾಖಲೆ ಅರ್ಥಶಾಸ್ತ್ರ ಹೇಳುವ ಸಾರ್ವಜನಿಕ ಸರಕು. ಅದರ ಲಾಭ ಎಲ್ಲರಿಗೂ, ಮುಂದಿನ ತಲೆಮಾರಿಗೂ ಸೇರುವುದರಿಂದ ಖರ್ಚನ್ನು ಯಾವ ಒಬ್ಬನೂ ವಹಿಸುವುದಿಲ್ಲ, ಸರ್ಕಾರವೇ ವಹಿಸಬೇಕು. ಮತ್ತು ಈ ಕೆಲಸ ಮುಗಿಯುವಂಥದ್ದಲ್ಲ. 2004ರಿಂದೀಚೆಗೆ ಸೂರ್ಯನ ಬೆಳಕಿನ ವಿಶ್ಲೇಷಣೆ, ಅವನಲ್ಲಿ ಆಮ್ಲಜನಕ, ಇಂಗಾಲದಂಥ ಧಾತುಗಳು ಮೊದಲು ತಿಳಿದದ್ದಕ್ಕಿಂತ ಕಡಿಮೆಯಿವೆಯೆಂದು ಹೇಳುತ್ತಿದ್ದರೆ, ಕಂಪನಗಳ ಸಾಕ್ಷ್ಯ ಅದಕ್ಕೆ ಒಪ್ಪುತ್ತಿಲ್ಲ. ಆ ವ್ಯಾಜ್ಯ ಇನ್ನೂ ಪೂರ್ತಿ ಬಗೆಹರಿದಿಲ್ಲ. ಬಗೆಹರಿಸುವುದಕ್ಕೂ ಬೇಕಾದದ್ದು ಇನ್ನಷ್ಟು ಅಳತೆ.

ಕಾಫಿ ಗುಡ್ಡಗಳಲ್ಲಿ ಆಗಬೇಕಾದ ಕೆಲಸ ಇದಕ್ಕೆ ಹೋಲಿಸಿದರೆ ಚಿಕ್ಕದು, ಅಗ್ಗದ್ದು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರ ಇಲ್ಲಿಯೇ ಇದೆ. ಕಾಫಿ ಮಂಡಳಿ, ಬೆಳೆಗಾರರ ಸಂಘಟನೆಗಳು ಮತ್ತು ವಿಕೋಪ ಉಸ್ತುವಾರಿ ಕೇಂದ್ರ ಒಟ್ಟುಗೂಡಿ ಮೂರು ಕೆಲಸ ಮಾಡಬಹುದು. ಮೊದಲನೆಯದು, ತೋಟಗಳ ಹಳೆಯ ಮಳೆ ಪುಸ್ತಕಗಳನ್ನು ಊರೂರಿಗೆ ಹೋಗಿ ಚಿತ್ರ ತೆಗೆದು, ಮೂಲವನ್ನು ಮನೆಯವರಿಗೇ ಹಿಂದಿರುಗಿಸಿ, ಅಂಕಿಗಳನ್ನು ಗಣಕಕ್ಕೆ ಸೇರಿಸುವುದು. ಎರಡನೆಯದು, ದೀರ್ಘ ದಾಖಲೆಯುಳ್ಳ ತೋಟಗಳನ್ನು ಗುರುತಿಸಿ, ಮಾಲೀಕತ್ವ ಬದಲಾದರೂ ಅದೇ ಜಾಗದಲ್ಲಿ ಅಳತೆ ಮುಂದುವರಿಯುವಂತೆ ಅಲ್ಪ ಗೌರವಧನ ಮತ್ತು ಉಪಕರಣ ಒದಗಿಸುವುದು. ಮೂರನೆಯದು, ಆ ಅಂಕಿಗಳನ್ನು ಶಾಲೆಯ ಮಕ್ಕಳಿಂದ ಹಿಡಿದು ಸಂಶೋಧಕರವರೆಗೆ ಎಲ್ಲರಿಗೂ ಮುಕ್ತವಾಗಿಡುವುದು. ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಕನ್ನಡಿಗರಿಗೆ ಹಕ್ಕಿ, ಹುಳು, ಕಾಡುಗಳನ್ನು ಗಮನಿಸಿ ನೋಡುವುದನ್ನು ಕಲಿಸಿದ ಪೂರ್ಣಚಂದ್ರ ತೇಜಸ್ವಿ ಅವರ ನಾಡಿನಲ್ಲಿ ಇದಕ್ಕೆ ಆಸಕ್ತರ ಕೊರತೆಯಾಗಲಾರದು.

ಸೂರ್ಯನನ್ನು ದೂರುವ ಮುನ್ನ ಜಗತ್ತಿನ ವಿಜ್ಞಾನಿಗಳು ಅವನ ಮಾತನ್ನು ಹಗಲಿರುಳು, ಮೂರು ದಶಕಕ್ಕೂ ಮಿಕ್ಕಿ ಕೇಳಿಸಿಕೊಂಡರು. ಅವನ ಮೇಲಿನ ಆರೋಪ ನಿಲ್ಲಲಿಲ್ಲ. ಇನ್ನು ಕೇಳಿಸಿಕೊಳ್ಳಬೇಕಾದದ್ದು ನಮ್ಮ ಮಳೆಯನ್ನು, ನಮ್ಮ ಗುಡ್ಡವನ್ನು. ಅವುಗಳ ಸಾಕ್ಷ್ಯ ತೋಟದ ಮನೆಗಳ ಬೀರುಗಳಲ್ಲಿ ಇದೆ. ಇನ್ನೂ ಹತ್ತು ವರ್ಷ ತಡಮಾಡಿದರೆ ಅದರ ಬಹುಭಾಗ ಇರುವುದಿಲ್ಲ.